ನಡುದಾರಿ ದಾಟದ ಸಮಾಧಾನ

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆಯ ನಡುವೆ 'ಸಮಾಧಾನ' ಕೊಡುವ ಪದ್ಧತಿ ಇದೆ. ಅಯ್ಯನೋರು (ಪಾಸ್ಟರು) ಮುಂದಿನಿಂದ ಶುರು ಮಾಡುತ್ತಾರೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರ ಎಡಗೈಗಳೂ ಮೇಲೆ ಮುಚ್ಚಿಕೊಳ್ಳುತ್ತವೆ. ಹೀಗೆ ಕೈಯಿಂದ ಕೈಗೆ, ಕೊನೆಯ ಬೆಂಚಿನವರೆಗೆ. 1950ರ ಆರಾಧನಾ ಕ್ರಮದಿಂದ ಬಂದ ರೂಢಿ ಇದು.

ಬಳ್ಳಾರಿಯಲ್ಲಿ ನಾನು ಬಲ್ಲ ಒಂದು ಸಭೆಯಲ್ಲಿ, ಹೆಸರು ಬೇಡ, ಈ ಸಮಾಧಾನ ಎರಡು ವರ್ಷ ಬೆಂಚುಗಳ ನಡುದಾರಿ ದಾಟಲಿಲ್ಲ. ಕಮಿಟಿ ಎಲೆಕ್ಷನ್ನಿನಲ್ಲಿ ಹುಟ್ಟಿದ ಜಗಳ ಸಭೆಯ ಮಳಿಗೆಗಳ ಬಾಡಿಗೆ ಲೆಕ್ಕಕ್ಕೆ ಬಂದು ನಿಂತಿತ್ತು. ಎಡಗಡೆ ಒಂದು ಬಣ, ಬಲಗಡೆ ಇನ್ನೊಂದು. ಎರಡೂ ಕಡೆ ತಮ್ಮ ತಮ್ಮಲ್ಲೇ ಕೈ ಹಿಡಿದು ಸುಮ್ಮನಾಗುತ್ತಿದ್ದರು. ಚಪ್ಪಲಿ ಬಿಡುವ ಜಾಗವೂ ಬೇರೆಯಾಗಿತ್ತು. ಆ ದಿನಗಳಲ್ಲಿ ಅಯ್ಯನೋರ ಪ್ರಸಂಗ, ಅಂದರೆ ಉಪದೇಶ, ಎಲ್ಲ ಕ್ಷಮೆಯ ಮೇಲೆಯೇ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು, "ಅಯ್ಯನೋರೆ, ಲೆಕ್ಕ ಕೇಳಿದ್ರೆ ಕ್ಷಮೆ ಇಲ್ಲ ಅಂತ ಅರ್ಥ ಏನ್ರಿ?" ಅಂದರು. ಉತ್ತರ ಬರಲಿಲ್ಲ.

ಈ ಪ್ರಶ್ನೆ ಸಭೆಯಷ್ಟೇ ಹಳೆಯದು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಯೇಸು ಕಲಿಸಿದ, ಇವತ್ತು ನಾವು ಹೇಳುವ ಕರ್ತನ ಪ್ರಾರ್ಥನೆಯಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂದಿದೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವ ಪದದ ನೇರ ಅರ್ಥ ಸಾಲ. ಮಳೆ ಕೈಕೊಟ್ಟ ವರ್ಷ ಸೊಸೈಟಿ ಮುಂದೆ ಸಾಲು ನಿಂತ ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನ್ನಾ ಆಗಬೇಕಾದರೆ ಮೊದಲು ಸಾಲ ಎಷ್ಟೆಂದು ಪುಸ್ತಕದಲ್ಲಿ ಬರೆದಿರಬೇಕು.

ಕ್ಷಮೆ ಅಂದಕೂಡಲೆ ಎಲ್ಲರೂ ತೆಗೆಯುವುದು ಮತ್ತಾಯ 18ನೇ ಅಧ್ಯಾಯವನ್ನೇ. ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಶಿಷ್ಯ ಪೇತ್ರ ಯೇಸುವನ್ನು ಕೇಳುತ್ತಾನೆ, ಏಳೆಪ್ಪತ್ತು ಸಾರಿ ಎಂಬ ಉತ್ತರ ಬರುತ್ತದೆ. ಅದರ ಬೆನ್ನಿಗೇ ಬರುವ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಅರಸ ಮೊದಲು ಮಾಡುವ ಕೆಲಸವೇ ಆಳುಗಳಿಂದ ಲೆಕ್ಕ ತೆಗೆದುಕೊಳ್ಳುವುದು! ಒಬ್ಬನ ಬಾಕಿ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಗಳ ಕೂಲಿ. ಅಷ್ಟನ್ನೂ ಅರಸ ಬಿಟ್ಟುಬಿಡುತ್ತಾನೆ. ಹೊರಗೆ ಬಂದ ಆ ಆಳು 100 ದಿನದ ಕೂಲಿ ಬಾಕಿ ಇದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಪ್ರಸಂಗಗಳಲ್ಲಿ ಈ ಕುತ್ತಿಗೆಯ ಭಾಗ ಚೆನ್ನಾಗಿ ಬರುತ್ತದೆ, ಲೆಕ್ಕದ ಭಾಗ ಯಾಕೋ ಹಾರಿಹೋಗುತ್ತದೆ.

ಅದೇ ಅಧ್ಯಾಯದಲ್ಲಿ, ಪೇತ್ರನ ಪ್ರಶ್ನೆಗಿಂತ ಮೊದಲೇ, ಜಗಳ ಬಗೆಹರಿಸುವ ದಾರಿಯೂ ಇದೆ. ತಪ್ಪು ಮಾಡಿದವನ ಹತ್ತಿರ ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಯ ಮುಂದಿಡು. ನಮ್ಮಲ್ಲಿ ನಡೆಯುವುದು ಉಲ್ಟಾ: ಮೊದಲು ವಾಟ್ಸಾಪ್ ಗುಂಪು, ಆಮೇಲೆ ಬಿಷಪ್ಪರಿಗೆ ಅರ್ಜಿ, ನಂತರ ಕೋರ್ಟು. ಆ ಮನುಷ್ಯನ ಮನೆ ಬಾಗಿಲಿಗೆ ಹೋದವರೇ ಇಲ್ಲ.

ಹಾಗಂತ ಆರಂಭದ ಸಭೆಯೇನೂ ತಣ್ಣಗಿರಲಿಲ್ಲ. ಮಾರ್ಕನನ್ನು ಜೊತೆಗೆ ಕರೆದುಕೊಂಡು ಹೋಗುವ ವಿಷಯಕ್ಕೆ ಸುವಾರ್ತೆ ಸಾರುತ್ತಿದ್ದ ಪೌಲ ಬಾರ್ನಬರು ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಪೌಲನ ಹೆಸರಿನ ಕೊನೆಗಾಲದ ಪತ್ರದಲ್ಲಿ, ಮಾರ್ಕನನ್ನು ಕರೆತಾ, ಅವನು ಸೇವೆಗೆ ಉಪಯುಕ್ತ ಎಂಬ ಮಾತು ಬರುತ್ತದೆ. ನಡುವೆ ಏನಾಯಿತು, ಯಾರು ಯಾರ ಕಾಲು ಹಿಡಿದರು ಎಂಬುದು ಬೈಬಲಿನಲ್ಲಿಲ್ಲ.

ಉತ್ತರ ಆಫ್ರಿಕಾದ ಕಥೆ ಕಹಿಯದು. 303ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಶಿಯನ್‌ನ ಹಿಂಸೆ ಶುರುವಾದಾಗ ಕೆಲವು ಸಭಾಪಾಲಕರು ಹೆದರಿ ಪವಿತ್ರ ಗ್ರಂಥಗಳನ್ನು ಸರ್ಕಾರದ ಕೈಗೆ ಕೊಟ್ಟರು. ಅಂಥವರು ಅಭಿಷೇಕಿಸಿದ ಬಿಷಪ್ ಬಿಷಪ್ಪೇ ಅಲ್ಲ ಎಂದು ಕಾರ್ತೇಜಿನಲ್ಲಿ ಡೊನಾಟಿಸ್ಟ್ ಒಡಕು ಹುಟ್ಟಿತು. ನೂರು ವರ್ಷದ ಮೇಲೆ, 411ರಲ್ಲಿ, ಚಕ್ರವರ್ತಿಯ ಅಧಿಕಾರಿಯೇ ಎರಡೂ ಕಡೆಯ ಬಿಷಪ್ಪರನ್ನು ಕೂರಿಸಿ ಡೊನಾಟಿಸ್ಟರ ವಿರುದ್ಧ ತೀರ್ಪು ಕೊಟ್ಟ. ದಂಡ ಹಾಕಿದರು, ಆಸ್ತಿ ಕಿತ್ತುಕೊಂಡರು. ಆದರೂ ಒಡಕು ಪೂರ್ತಿ ಕೂಡಲಿಲ್ಲ.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ, ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಬೇರೆ ಬೇರೆ ಪಂಗಡಗಳು ಕೂಡಿ ಸಿಎಸ್‌ಐ ಆದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. 28 ವರ್ಷ ಜಗ್ಗಾಡಿದ್ದು ಮುಖ್ಯವಾಗಿ ಒಂದು ವಿಷಯಕ್ಕೆ: ಬಿಷಪ್ಪರ ಕೈಯಿಂದ ಅಭಿಷೇಕವಾಗದ ಪಾಸ್ಟರುಗಳನ್ನು ಒಪ್ಪುವುದು ಹೇಗೆ? ಕೊನೆಗೆ ಮಾಡಿದ ಏರ್ಪಾಡು ಸರಳ. ಇರುವವರನ್ನು ಇರುವಂತೆಯೇ ಒಪ್ಪುವುದು, ಮುಂದಿನ ನಿಯಮಕ್ಕೆ 30 ವರ್ಷ ಕಾಯುವುದು, ಮನಸ್ಸಾಕ್ಷಿ ಒಪ್ಪದ ಸಭೆಯ ಮೇಲೆ ಯಾರನ್ನೂ ಹೇರದಿರುವುದು. ಆಸ್ತಿಯ ಟ್ರಸ್ಟನ್ನು ಒಂದು ದಿನ ಮುಂಚೆ, 26ರಂದೇ, ನೋಂದಾಯಿಸಿದ್ದರು. ಪ್ರಾರ್ಥನೆಗಿಂತ ಮೊದಲು ಕಾಗದಪತ್ರ!

ಗುಂತಕಲ್ಲು ದಾಟಿದರೆ ಸಿಗುವ ನಂದ್ಯಾಲದ ಆಂಗ್ಲಿಕನ್ನರು (ಇಂಗ್ಲೆಂಡ್ ಸಭೆಯ ಪರಂಪರೆಯವರು) ಆವತ್ತು ಸೇರಲಿಲ್ಲ. ಹೊರಗೇ ಉಳಿದರು. ಆ ಡಯಾಸಿಸ್ (ಬಿಷಪ್ಪರ ಆಡಳಿತ ವಲಯ) ಸಿಎಸ್‌ಐಗೆ ಬಂದದ್ದು 1975ರಲ್ಲಿ.

ನಾನು ಹೇಳಿದ ಸಭೆಯಲ್ಲೂ ಕೊನೆಗೆ ಆದದ್ದು ಲೆಕ್ಕವೇ. ಹೊರಗಿನ ಆಡಿಟರ್ ಒಬ್ಬರನ್ನು ಕರೆಸಿ, ಆರಾಧನೆ ಮುಗಿದ ಮೇಲೆ ಬಾಡಿಗೆ ರಸೀದಿಗಳನ್ನು ಒಂದೊಂದಾಗಿ ಓದಿಸಿದರು. ಕೆಲವು ರಸೀದಿ ಇರಲಿಲ್ಲ. ಇಬ್ಬರು ತಪ್ಪು ಒಪ್ಪಿಕೊಂಡರು, ಒಬ್ಬರು ಬೇರೆ ಸಭೆಗೆ ಹೋದರು, ಇನ್ನೂ ಬಂದಿಲ್ಲ. ಮುಂದಿನ ಕರ್ತನ ಭೋಜನದ ದಿನ ಎಡಗಡೆಯ ಬೆಂಚಿನಿಂದ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು, ನಡುದಾರಿ ದಾಟಿ ಕೈ ಚಾಚಿದರು. ಎದುರಿದ್ದ ಹೆಂಗಸು ಕೈಯಲ್ಲಿದ್ದ ಕೀರ್ತನೆ ಪುಸ್ತಕ ಕೆಳಗಿಡಲು ತುಸು ಹೊತ್ತು ತೆಗೆದುಕೊಂಡರು. ಅಜ್ಜಿ ಕೈ ಹಿಂದಕ್ಕೆ ತೆಗೆಯದೆ ಹಾಗೇ ನಿಂತಿದ್ದರು.