ಕಡಲ ವಿಷಕ್ಕೆ ಬಸವನಹುಳುವಿನ ಸಾಕ್ಷ್ಯ

ಕಡಲು ಅಪಾರವಾದುದು, ಅದರಲ್ಲಿ ಏನು ಬೆರೆತರೂ ತೆಳುವಾಗಿ ಇಲ್ಲವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ನೀರಿನ ಪರೀಕ್ಷಾ ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿದ್ದರೆ ಎಲ್ಲರೂ ನಿಶ್ಚಿಂತರಾಗುವುದೂ ಇದೇ ಕಾರಣಕ್ಕೆ. ಉಪಕರಣಕ್ಕೆ ಸಿಗದ ವಿಷ ಜೀವಿಗೂ ತಾಗದು ಎಂಬ ಈ ತರ್ಕವನ್ನು ಮೂರು ಸೆಂಟಿಮೀಟರ್ ಉದ್ದದ ಒಂದು ಕಡಲ ಬಸವನಹುಳು ಸುಳ್ಳಾಗಿಸಿದೆ.

ಇಂಗ್ಲೆಂಡಿನ ಪ್ಲಿಮತ್ ಬಂದರಿನ ಬಂಡೆಗಳ ಮೇಲಿನ ಡಾಗ್‌ವೆಲ್ಕ್ ಎಂಬ ಬಸವನಹುಳುವಿನ ಹೆಣ್ಣುಗಳಲ್ಲಿ ಗಂಡಿನ ಜನನಾಂಗದಂತಹ ಬೆಳವಣಿಗೆ ಇರುವುದು 1970ರಲ್ಲಿ ವರದಿಯಾಯಿತು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಇನ್ನೊಂದು ಜಾತಿಯ ಹುಳುಗಳಲ್ಲಿ ಇಂಥದೇ ವೈಪರೀತ್ಯವನ್ನು ಕಂಡು ಅದಕ್ಕೆ 'ಇಂಪೋಸೆಕ್ಸ್' ಎಂದು ಹೆಸರಿಟ್ಟ ಸ್ಮಿತ್ ಎಂಬ ಸಂಶೋಧಕರು, 1981ರಲ್ಲಿ ಅದನ್ನು ಟ್ರೈಬ್ಯೂಟೈಲ್ ಟಿನ್ ಅಥವಾ ಟಿಬಿಟಿಗೆ ಜೋಡಿಸಿದರು. ಹಡಗಿನ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟದಿರಲೆಂದು ಬಳಿಯುತ್ತಿದ್ದ ಬಣ್ಣದಲ್ಲಿ ಈ ತವರದ ಸಂಯುಕ್ತವಿತ್ತು. ನೈಋತ್ಯ ಇಂಗ್ಲೆಂಡಿನಲ್ಲಿ ಡಾಗ್‌ವೆಲ್ಕ್‌ಗಳು ಕ್ಷೀಣಿಸಲು ಅದೇ ಕಾರಣವೆಂಬುದಕ್ಕೆ ಬ್ರಯಾನ್, ಗಿಬ್ಸ್ ಮತ್ತು ಸಂಗಡಿಗರು 1986ರಲ್ಲಿ ಪುರಾವೆ ನೀಡಿದರು.

ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದು ನ್ಯಾನೊಗ್ರಾಂ ಇದ್ದರೂ ಈ ಬದಲಾವಣೆ ತೊಡಗುತ್ತದೆ. ಅಂದರೆ ಒಲಿಂಪಿಕ್ ಅಳತೆಯ ನಾನೂರು ಈಜುಕೊಳಗಳಲ್ಲಿ ಒಂದೇ ಒಂದು ಗ್ರಾಂ ಕರಗಿಸಿದಷ್ಟು. ಇಷ್ಟು ಅಲ್ಪ ವಿಷ ಇಷ್ಟು ದೊಡ್ಡ ಕೆಲಸ ಮಾಡುವ ಬಗೆಯೇ ಇಲ್ಲಿನ ಅತ್ಯಂತ ಬೆರಗಿನ ಸಂಗತಿ. ಹಾರ್ಮೋನನ್ನು ಮಾರ್ಪಡಿಸುವ ಕಿಣ್ವವನ್ನು ಟಿಬಿಟಿ ತಡೆಯುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಎ ಜೀವಸತ್ವದಿಂದ ಹುಟ್ಟುವ ರೆಟಿನಾಯಿಕ್ ಆಮ್ಲದ ಒಂದು ರೂಪವನ್ನು ಗುರುತಿಸುವ ಗ್ರಾಹಕ ಪ್ರೋಟೀನಿಗೆ ಟಿಬಿಟಿ ನೇರವಾಗಿ ಅಂಟಿಕೊಳ್ಳುತ್ತದೆಂದು ಜಪಾನಿನ ಸಂಶೋಧಕರು 2004ರಲ್ಲಿ ತೋರಿಸಿದರು. ಟಿಬಿಟಿಯ ಬದಲು ಆ ಆಮ್ಲವನ್ನೇ ಚುಚ್ಚಿದಾಗಲೂ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಯಿತು. ಜೀವಕೋಶದ ವಂಶವಾಹಿಗಳಿಗೆ ಆದೇಶ ಕೊಡುವ ಜಾಗಕ್ಕೇ ವಿಷ ತಲುಪುವುದರಿಂದ ಹೆಚ್ಚಿನ ಪ್ರಮಾಣ ಬೇಕಾಗುವುದಿಲ್ಲ. ಮುಂದೆ ಹೆಣ್ಣಿನಲ್ಲಿ ವೀರ್ಯನಾಳವೂ ಬೆಳೆದು ಮೊಟ್ಟೆ ಹೊರಬರುವ ದಾರಿಯನ್ನು ಮುಚ್ಚುತ್ತದೆ. ಮೊಟ್ಟೆಯ ಕೋಶಗಳು ಒಳಗೇ ಕೂಡಿಬಿದ್ದು ಹುಳು ಬಂಜೆಯಾಗುತ್ತದೆ, ಕೆಲವೊಮ್ಮೆ ಗ್ರಂಥಿ ಒಡೆದು ಸಾಯುತ್ತದೆ.

ನೀರಿನ ಮಾದರಿ ಹೇಳುವುದು ಅದನ್ನು ತುಂಬಿಕೊಂಡ ಗಳಿಗೆಯ ಸ್ಥಿತಿಯನ್ನಷ್ಟೇ. ಮುಂದಿನ ಭರತಕ್ಕೆ ಅದು ಬದಲಾಗಬಹುದು. ಒಂದೇ ಬಂಡೆಯ ಆಸುಪಾಸಿನಲ್ಲಿ ಬಾಳುವ ಹುಳುವಿನ ದೇಹದಲ್ಲಿ ತಿಂಗಳುಗಳ, ವರ್ಷಗಳ ಪ್ರಭಾವ ದಾಖಲಾಗುತ್ತದೆ. ನಮ್ಮ ಕರಾವಳಿಯವರು ನೀಲಿಕಲ್ಲು ಎಂದು ಕರೆಯುವ ಚಿಪ್ಪುಜೀವಿಯ ಜಾತಿಗಳನ್ನು ಇದೇ ಕಾರಣಕ್ಕೆ ಲೋಕದ ಕಡಲುಗಳ ಕಾವಲಿಗೆ ಬಳಸಬೇಕೆಂದು ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲೇ ಸೂಚಿಸಿದ್ದರು. ಆದರೆ ನೀಲಿಕಲ್ಲಿನ ಮಾಂಸದಲ್ಲಿ ಅಳೆಯುವುದು ಕೂಡಿಟ್ಟ ವಿಷವನ್ನು; ಡಾಗ್‌ವೆಲ್ಕ್‌ನಲ್ಲಿ ಕಾಣುವುದು ಅದು ಮಾಡಿದ ಹಾನಿಯನ್ನು. ಬಹುತೇಕ ರೋಗಲಕ್ಷಣಗಳಿಗೆ ಹತ್ತಾರು ಕಾರಣಗಳಿದ್ದರೆ, ಇಂಪೋಸೆಕ್ಸ್ ಬಹುಮಟ್ಟಿಗೆ ತವರದ ಸಾವಯವ ಸಂಯುಕ್ತಗಳತ್ತಲೇ ಬೆರಳು ತೋರುತ್ತದೆ. ಮೇಲ್ವಿಚಾರಣೆಯಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷ್ಯ ತೀರ ಅಪರೂಪ.

ಟಿಬಿಟಿಯಿಂದಾಗಿ ತನ್ನ ಆರ್ಕಶಾನ್ ಕೊಲ್ಲಿಯ ಸಿಂಪಿ ಕೃಷಿ ನೆಲಕಚ್ಚಿದ ಮೇಲೆ ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿದವು. ದೊಡ್ಡ ಹಡಗುಗಳನ್ನೂ ಒಳಗೊಂಡ ಅಂತರರಾಷ್ಟ್ರೀಯ ಒಪ್ಪಂದ ಜಾರಿಯಾದದ್ದು 2008ರಲ್ಲಿ. ಡಾಗ್‌ವೆಲ್ಕ್ ಮರಿಗಳು ನೀರಿನಲ್ಲಿ ತೇಲಿ ದೂರ ಹೋಗುವುದಿಲ್ಲ, ಮೊಟ್ಟೆಯಿಂದ ಹೊರಬಂದು ತೆವಳುತ್ತವೆ. ಆದ್ದರಿಂದ ಬರಿದಾದ ಬಂಡೆಗಳಿಗೆ ಅವು ಮರಳುವುದು ನಿಧಾನ. ಬಂದರುಗಳ ಹೂಳಿನಲ್ಲಿ, ಆಮ್ಲಜನಕವಿಲ್ಲದ ಪದರಗಳಲ್ಲಿ ಟಿಬಿಟಿ ವರ್ಷಗಟ್ಟಲೆ ಉಳಿಯುತ್ತದೆ, ಹೂಳೆತ್ತಿದಾಗ ಮತ್ತೆ ನೀರಿಗೆ ಬೆರೆಯಬಹುದು. ಹಾಗಾಗಿ ನಿಷೇಧದ ನಂತರವೂ ಹುಳುಗಳನ್ನು ಪರೀಕ್ಷಿಸುವ ಕೆಲಸ ನಿಂತಿಲ್ಲ.