ನಂಬರ್ ಕೋಟಿಗಟ್ಟಲೆ, ಕೂರೋಕೆ ಜಾಗ ಎರಡೇ: ಟಾಕ್‌ಗ್ರೂಪ್ ಜಗಳದ ಹಿಂದಿನ ಕಥೆ

ನಾನೊಬ್ಬ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವನು. ಹೋದ ತಿಂಗಳು ನನ್ನ ಹಾಟ್‌ಸ್ಪಾಟ್‌ನಲ್ಲಿ, ಅಂದರೆ ನನ್ನ ರೇಡಿಯೊವನ್ನು ಇಂಟರ್ನೆಟ್ ಮೂಲಕ ಡಿಎಂಆರ್ ಅನ್ನುವ ಡಿಜಿಟಲ್ ರೇಡಿಯೊ ನೆಟ್‌ವರ್ಕ್‌ಗೆ ಸೇರಿಸುವ ಪುಟ್ಟ ಪೆಟ್ಟಿಗೆಯಲ್ಲಿ, ಒಂದು ಎಡವಟ್ಟು ಮಾಡಿಕೊಂಡೆ. ಟಾಕ್‌ಗ್ರೂಪ್ ಅಂದರೆ ನಂಬರ್ ಇರುವ ಹರಟೆ ಗುಂಪು. ಅದರಲ್ಲಿ 404 ಮತ್ತು 91 ಎರಡನ್ನೂ ಸ್ಟ್ಯಾಟಿಕ್ ಅಂತ ಹಾಕಿಟ್ಟೆ, ಅಂದರೆ ಯಾವಾಗಲೂ ತೆರೆದೇ ಇರಲಿ ಅಂತ. 404 ಅಂದರೆ ಇಂಡಿಯಾ. ಹೌದು, ಇಂಟರ್ನೆಟ್‌ನಲ್ಲಿ 'ಪೇಜ್ ಸಿಗ್ತಿಲ್ಲ' ಅಂತ ಬರುತ್ತಲ್ಲ, ಅದೇ ನಂಬರ್. ನಾವು ಆರಿಸಿಕೊಂಡಿದ್ದಲ್ಲ, ಮೊಬೈಲ್ ನೆಟ್‌ವರ್ಕ್‌ಗಳಿಗೆ ಭಾರತದ ಪಾಲಿಗೆ ಬಂದ ಕೋಡ್ ಅದು. 91 ನೋಡಿದರೆ ನಮ್ಮ ಫೋನ್ ಕೋಡ್ ನೆನಪಾಗುತ್ತದೆ, ಆದರೆ ಇಲ್ಲಿ 91 ಅಂದರೆ ಇಡೀ ಪ್ರಪಂಚ. ಹೊಸಬರು ಇಲ್ಲೇ ಮೊದಲು ಮುಗ್ಗರಿಸೋದು.

ಮೂರು ದಿನ ನಮ್ಮವರ ಒಂದು ದನಿಯೂ ಕೇಳಲಿಲ್ಲ. ಆಂಟೆನಾ ಬಿಚ್ಚಿ ಹಾಕಿದೆ, ವೈಫೈ ಬದಲಾಯಿಸಿದೆ, ರೇಡಿಯೊನ ಸೆಟ್ಟಿಂಗ್ ಎರಡು ಸಲ ತಡಕಾಡಿದೆ. ಕೊನೆಗೆ ಹೊಳೆಯಿತು. 91ರಲ್ಲಿ ಯಾರಾದರೂ ಒಬ್ಬರು ಮಾತಾಡುತ್ತಲೇ ಇರುತ್ತಾರೆ, ನನ್ನ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. 404ರಲ್ಲಿ ಕರೆದವರು ಬಾಗಿಲ ತನಕ ಬಂದು ವಾಪಸ್ ಹೋಗಿದ್ದಾರೆ.

ನನ್ನ ಹಾಟ್‌ಸ್ಪಾಟ್ ಆದ್ದರಿಂದ ನನ್ನ ತಪ್ಪು ನನಗೆ. ಇದೇ ತಪ್ಪು ಊರಿಗೆಲ್ಲ ಸೇರಿದ ರಿಪೀಟರ್‌ನಲ್ಲಿ, ಅಂದರೆ ಎತ್ತರದಲ್ಲಿ ಕೂತು ಎಲ್ಲರ ಸಿಗ್ನಲ್ ಹಿಡಿದು ದೂರಕ್ಕೆ ದಾಟಿಸುವ ಯಂತ್ರದಲ್ಲಿ ಆದರೆ? ಅಲ್ಲಿಂದಲೇ ಜಗಳ ಶುರು. ಹದಿನೈದು ವರ್ಷದಿಂದ ಡಿಎಂಆರ್ ಹ್ಯಾಮ್‌ಗಳು ಸುತ್ತಿ ಸುತ್ತಿ ಆಡುತ್ತಿರುವ ಜಗಳ ಇದೊಂದೇ: ಯಾವ ಟಾಕ್‌ಗ್ರೂಪ್ ಯಾವಾಗ ತೆರೆದಿರಬೇಕು, ಅದನ್ನು ಹೇಳೋದು ಯಾರು?

ಮೂಲಕ್ಕೆ ಹೋದರೆ ಡಿಎಂಆರ್ ಹ್ಯಾಮ್‌ಗಳಿಗಾಗಿ ಮಾಡಿದ್ದೇ ಅಲ್ಲ. ಯುರೋಪಿನ ಇಟಿಎಸ್‌ಐ ಸಂಸ್ಥೆ 2005ರಲ್ಲಿ ಇದರ ಸ್ಟ್ಯಾಂಡರ್ಡ್ ಹೊರತಂದಿದ್ದು ಕಾರ್ಖಾನೆ, ಟ್ಯಾಕ್ಸಿ ಕಂಪನಿ, ಸೆಕ್ಯುರಿಟಿಯಂಥ ಕೆಲಸಗಳಿಗೆ. 12.5 ಕಿಲೋಹರ್ಟ್ಜ್ ಅಗಲದ ಒಂದು ಚಾನೆಲ್ಲನ್ನು ಸಮಯದಲ್ಲಿ ಎರಡಾಗಿ ಸೀಳುತ್ತಾರೆ, 30 ಮಿಲಿಸೆಕೆಂಡ್ ಇವನಿಗೆ, 30 ಮಿಲಿಸೆಕೆಂಡ್ ಅವನಿಗೆ. ಇವೇ ಎರಡು ಟೈಮ್‌ಸ್ಲಾಟ್. ಮನೆ ಒಂದೇ, ಮುಂದೆ ಎರಡು ಜಗಲಿ ಇದ್ದ ಹಾಗೆ. ಒಂದು ಜಗಲಿಯಲ್ಲಿ ಒಂದು ಸಲಕ್ಕೆ ಒಂದೇ ಗುಂಪು ಹರಟಬಹುದು. ಗುಂಪುಗಳ ನಂಬರಿಗೆ ಮಾತ್ರ ಬರವೇ ಇಲ್ಲ. 24 ಬಿಟ್ ಲೆಕ್ಕದಲ್ಲಿ 1 ಕೋಟಿ 67 ಲಕ್ಷಕ್ಕೂ ಜಾಸ್ತಿ ಟಾಕ್‌ಗ್ರೂಪ್ ಮಾಡಬಹುದು.

ಟ್ಯಾಕ್ಸಿ ಕಂಪನಿಯಲ್ಲಿ ಇದು ಸಮಸ್ಯೆಯೇ ಅಲ್ಲ. ಅಲ್ಲಿ ಒಬ್ಬ ಮಾಲೀಕ, ಒಬ್ಬ ಡಿಸ್ಪ್ಯಾಚರ್. ಡ್ರೈವರ್‌ಗಳು ಈ ಗುಂಪು, ಗ್ಯಾರೇಜಿನವರು ಆ ಗುಂಪು ಅಂತ ಅವನು ಹೇಳಿದ ಮೇಲೆ ಮುಗಿಯಿತು. ಹ್ಯಾಮ್‌ಗಳಲ್ಲಿ ಮಾಲೀಕ ಯಾರು? ರಿಪೀಟರ್ ಯಾರದೋ, ಗುಡ್ಡದ ಮೇಲಿನ ಜಾಗ ಇನ್ಯಾರದೋ, ಕರೆಂಟ್ ಬಿಲ್ ಕ್ಲಬ್ಬಿನದು, ಮಾತಾಡುವವರು ಲೈಸೆನ್ಸ್ ಇರುವ ಯಾರು ಬೇಕಾದರೂ. ಮಾಲೀಕ ಇದ್ದೇ ಇರುತ್ತಾನೆ ಅಂತ ನಂಬಿ ಮಾಡಿದ ಸಾಮಾನು, ಎಲ್ಲರೂ ಮಾಲೀಕರೇ ಆಗಿರುವ ಮನೆಗೆ ಬಂತು.

ಬಂದ ದಾರಿಯೂ ಮಜವಾಗಿದೆ. ಮೊಟೊರೋಲಾದಲ್ಲಿ ಕೆಲಸ ಮಾಡುವ ಹ್ಯಾಮ್‌ಗಳದೇ ಒಂದು ಕ್ಲಬ್ ಅಮೆರಿಕದ ಶಿಕಾಗೋ ಕಡೆ ಇತ್ತು. ಕಂಪನಿಯ ರಿಪೀಟರ್‌ಗಳನ್ನು ಇಂಟರ್ನೆಟ್ ಮೂಲಕ ಹೊಸೆದು ಡಿಎಂಆರ್-ಮಾರ್ಕ್ ಅನ್ನುವ ನೆಟ್‌ವರ್ಕ್ ಕಟ್ಟಿದ್ದು ಅವರು. ಕಂಪನಿಯ ಸ್ವಂತ ಜೋಡಣೆಯಲ್ಲಿ 15 ರಿಪೀಟರ್‌ಗಿಂತ ಹೆಚ್ಚು ಸೇರಿಸೋಕೆ ಆಗುತ್ತಿರಲಿಲ್ಲ. ಅದಕ್ಕೆ ಸಿ-ಬ್ರಿಡ್ಜ್ ಅನ್ನುವ ಪೆಟ್ಟಿಗೆ ಬಂತು, ಈ ರಿಪೀಟರ್ ಗುಂಪುಗಳನ್ನು ಒಂದಕ್ಕೊಂದು ಹೊಲಿಯೋದು ಅದರ ಕೆಲಸ. ಅವರ ಟಾಕ್‌ಗ್ರೂಪ್ ನಂಬರ್‌ಗಳೇ ಬೇರೆ: 1 ಇಡೀ ಪ್ರಪಂಚಕ್ಕೆ, 2 ಯುರೋಪಿಗೆ, 3 ಉತ್ತರ ಅಮೆರಿಕಕ್ಕೆ, 13 ಇಂಗ್ಲಿಷಿಗೆ, 14 ಸ್ಪ್ಯಾನಿಷ್‌ಗೆ. ಸಾಮಾನ್ಯವಾಗಿ ದೂರದ ಮಾತು ಸ್ಲಾಟ್ 1ರಲ್ಲಿ, ಊರಿನ ಮಾತು ಸ್ಲಾಟ್ 2ರಲ್ಲಿ.

ಆ ಕಾಲದ ಶಿಸ್ತು ಬಿಗಿ. ನಿಮ್ಮ ರಿಪೀಟರ್‌ಗೆ ಯಾವ ಟಾಕ್‌ಗ್ರೂಪ್ ಬೇಕು ಅಂತ ಸಿ-ಬ್ರಿಡ್ಜ್ ನೋಡಿಕೊಳ್ಳುವವರಿಗೆ ಹೇಳಬೇಕು, ಅವರು ಹಾಕಿಕೊಡಬೇಕು. ಪ್ರಪಂಚದ ಗುಂಪಿನಲ್ಲಿ ಕರೆದು, ಯಾರಾದರೂ ಸಿಕ್ಕರೆ ಬೇಗ ಜಾಗ ಖಾಲಿ ಮಾಡಬೇಕು. ಯಾಕಂದರೆ ನೀವು ಅಲ್ಲಿ ಕೂತು ನಿಮ್ಮ ಆಂಟೆನಾ ವರ್ಣನೆ ಮಾಡುತ್ತಿದ್ದರೆ ಪ್ರಪಂಚದ ನೂರಾರು ರಿಪೀಟರ್‌ಗಳ ಒಂದೊಂದು ಜಗಲಿ ನಿಮ್ಮೊಬ್ಬರಿಗೇ ಹಿಡಿದಿಟ್ಟ ಹಾಗೆ. ಉದ್ದ ಮಾತಿಗೆ 113, 123 ಅಂತ ಬೇರೆ ನಂಬರ್ ಇಟ್ಟರು. ಇವು ಸದಾ ತೆರೆದಿರೋದಿಲ್ಲ, ಯಾರಾದರೂ ಬಟನ್ ಒತ್ತಿದರೆ ಅವರ ರಿಪೀಟರ್‌ನಲ್ಲಿ ಮಾತ್ರ ಎದ್ದು, ಆಮೇಲೆ ತಾನಾಗಿ ಮಲಗುತ್ತವೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ಕೆಲಸ ಇದು. ಮಾತಾಡುವವರನ್ನು ತಡೆಯಲಿಲ್ಲ, ಮಾತು ಹರಡುವ ಜಾಗವನ್ನು ಕಡಿಮೆ ಮಾಡಿದರು.

ಜರ್ಮನಿ ಕಡೆ ಬೆಳೆದ ಡಿಎಂಆರ್ ಪ್ಲಸ್ ಅನ್ನುವ ನೆಟ್‌ವರ್ಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಹೈಟೆರಾ ಕಂಪನಿಯ ರಿಪೀಟರ್‌ಗಳು ಜಾಸ್ತಿ, ರಿಫ್ಲೆಕ್ಟರ್ ಅನ್ನುವ ಏರ್ಪಾಡು. ನಿಮ್ಮ ರೇಡಿಯೊ ಟಾಕ್‌ಗ್ರೂಪ್ 9ರಲ್ಲೇ ಇರುತ್ತದೆ, 4000ದಿಂದ ಶುರುವಾಗುವ ನಂಬರ್‌ಗಳಲ್ಲಿ ಒಂದಕ್ಕೆ ಕರೆ ಮಾಡಿ ರಿಪೀಟರನ್ನು ಆ ಕೋಣೆಗೆ ಕಟ್ಟಿಹಾಕುತ್ತೀರಿ, ಮುಗಿದ ಮೇಲೆ 4000ಕ್ಕೆ ಕರೆ ಮಾಡಿ ಬಿಚ್ಚುತ್ತೀರಿ. ಬಿಚ್ಚೋದು ಮರೆತರೆ? ಮುಂದಿನವನಿಗೆ ತಾನು ಯಾವ ಕೋಣೆಯಲ್ಲಿ ಮಾತಾಡುತ್ತಿದ್ದೇನೆ ಅಂತಲೇ ಗೊತ್ತಾಗೋದಿಲ್ಲ.

ಆಮೇಲೆ ಬ್ರ್ಯಾಂಡ್‌ಮೈಸ್ಟರ್ ಅನ್ನುವ ನೆಟ್‌ವರ್ಕ್ ಬಂತು, ಬಾಗಿಲಿನ ಕೀಲಿ ಬೇರೆಯವರ ಕೈಗೆ ಹೋಯಿತು. ಯಾವ ಕಂಪನಿಯ ರಿಪೀಟರ್ ಆದರೂ ಸೇರಬಹುದು. ರಿಪೀಟರ್ ಇಟ್ಟವರು ವೆಬ್‌ಸೈಟಿಗೆ ಹೋಗಿ ತಮಗೆ ಬೇಕಾದ ಟಾಕ್‌ಗ್ರೂಪನ್ನು ತಾವೇ ಸ್ಟ್ಯಾಟಿಕ್ ಮಾಡಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಮಾತಾಡುವವನೂ ಅಷ್ಟೇ, ಯಾವ ನಂಬರ್ ಬೇಕಾದರೂ ಹಾಕಿ ಬಟನ್ ಒತ್ತಿದರೆ ಅದು ಡೈನಾಮಿಕ್ ಆಗಿ ಆ ರಿಪೀಟರ್‌ಗೆ ಬಂದು ಕೂರುತ್ತದೆ. ನಂಬರ್ ಹಂಚಿಕೆ ದೇಶದ ಕೋಡ್ ಮೇಲೆ ನಡೆಯಿತು, ಜರ್ಮನಿಗೆ 262, ಬ್ರಿಟನ್‌ಗೆ 235, ನಮಗೆ 404. ಅಮೆರಿಕದಲ್ಲಿ 31ರ ಮುಂದೆ ರಾಜ್ಯದ ಸರ್ಕಾರಿ ಕೋಡ್ ಸೇರಿಸಿದರು, ಹಾಗಾಗಿ ಕ್ಯಾಲಿಫೋರ್ನಿಯಾ 3106, ಟೆಕ್ಸಾಸ್ 3148.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸುಧಾರಿಸುತ್ತಿತ್ತು. ಆದರೆ ಅದೇ ಹೊತ್ತಿಗೆ ರೇಡಿಯೊ ಅಗ್ಗವಾಯಿತು. ಟಿವೈಟಿ ಎಂಡಿ-380 ಅನ್ನುವ ಚೀನಾ ಸೆಟ್ ಸುಮಾರು 100 ಡಾಲರ್‌ಗೆ ಸಿಕ್ಕಿತು. ಹಿಂದೆಯೇ ಬಂದವು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಓಡುವ ಪುಟಾಣಿ ಹಾಟ್‌ಸ್ಪಾಟ್‌ಗಳು. ಎಂಎಂಡಿವಿಎಂ, ಪೈ-ಸ್ಟಾರ್‌ನಂಥ ಸಾಫ್ಟ್‌ವೇರ್ ಪುಕ್ಕಟೆ. ರಿಪೀಟರ್ ಇಲ್ಲದ ಊರಿನವರೂ ಅಡುಗೆಮನೆ ಕಟ್ಟೆ ಮೇಲೆ ಹಾಟ್‌ಸ್ಪಾಟ್ ಇಟ್ಟುಕೊಂಡು ಇಡೀ ನೆಟ್‌ವರ್ಕ್‌ಗೆ ಇಳಿದರು. ಒಳ್ಳೇದೇ, ನಾನೂ ಹಾಗೇ ಇಳಿದವನು. ಆದರೆ ಹಾಟ್‌ಸ್ಪಾಟ್ ಇರುವವನಿಗೆ ಜಗಲಿಯ ಇಕ್ಕಟ್ಟು ಕಾಣೋದಿಲ್ಲ. ಅವನ ಮನೆಯಲ್ಲಿ ಅವನೊಬ್ಬನೇ ಅಲ್ವಾ! ಮೂರು ಗಂಟೆ 91ರಲ್ಲಿ ಕೂತರೂ ಮನೆಯಲ್ಲಿ ಕೇಳುವವರಿಲ್ಲ. ಅತ್ತ 91 ಸ್ಟ್ಯಾಟಿಕ್ ಮಾಡಿಟ್ಟ ಯಾವುದೋ ಊರಿನ ರಿಪೀಟರ್‌ನಲ್ಲಿ, ಪಕ್ಕದ ಬೀದಿಯ ಗೆಳೆಯನನ್ನು ಕರೆಯೋಕೆ ಹೋದವನಿಗೆ 'ಬಾಂಕ್' ಅಂತ ಬ್ಯುಸಿ ಶಬ್ದ ಬರುತ್ತದೆ.

ಇನ್ನೊಂದು ಕಾಟ, ಸುಮ್ನೆ ಬಟನ್ ಒತ್ತಿ ಬಿಡೋದು. ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಹೆಸರು) ಇಲ್ಲ, ಮಾತಿಲ್ಲ, ಸಿಗ್ನಲ್ ಹೋಗುತ್ತಾ ಅಂತ ಪರೀಕ್ಷೆ. ಆ ಅರ್ಧ ಸೆಕೆಂಡಿಗೆ ಎಷ್ಟೋ ದೇಶಗಳ ರಿಪೀಟರ್‌ಗಳು ಎದ್ದು ಕೂರುತ್ತವೆ. ಪರೀಕ್ಷೆ ಮಾಡೋಕೆ ಅಂತಲೇ 9990 ಇದೆ, ಪ್ಯಾರಟ್. ಗಿಣಿಯ ಹಾಗೆ ನಿಮ್ಮ ಮಾತು ನಿಮಗೇ ಹೇಳುತ್ತದೆ. ಅದಕ್ಕಿಂತ ಕೆಟ್ಟದ್ದು ಲೂಪ್. ಯಾರೋ ಎರಡು ಟಾಕ್‌ಗ್ರೂಪನ್ನು ಯಾರಿಗೂ ಹೇಳದೆ ಸೇರಿಸುತ್ತಾರೆ, ಇನ್ಯಾರೋ ಅದೇ ಎರಡನ್ನು ಮತ್ತೊಂದು ಕಡೆ ಸೇರಿಸುತ್ತಾರೆ, ಒಬ್ಬನ ಮಾತು ಸುತ್ತಿ ಸುತ್ತಿ ಬರುತ್ತದೆ, ಎರಡೂ ಕಡೆ ಯಾರೂ ಮಾತಾಡೋಕೆ ಆಗೋದಿಲ್ಲ.

ಹೀಗಾಗಿ ಎಲ್ಲಾ ಸ್ವಾತಂತ್ರ್ಯ ಕೊಟ್ಟ ಮೇಲೆ ಒಂದೊಂದೇ ಕಟ್ಟುಪಾಡು ವಾಪಸ್ ಬಂತು. ಹಾಟ್‌ಸ್ಪಾಟ್‌ಗೆ ಪ್ರತಿಯೊಬ್ಬರಿಗೂ ಸ್ವಂತ ಪಾಸ್‌ವರ್ಡ್ ಅಂದರು. ಬ್ರ್ಯಾಂಡ್‌ಮೈಸ್ಟರ್ ಶುರುವಿನಲ್ಲಿ ರಿಫ್ಲೆಕ್ಟರ್‌ಗಳನ್ನೂ ಇಟ್ಟುಕೊಂಡಿತ್ತು, ಆಮೇಲೆ ಗೊಂದಲ ಸಾಕು ಅಂತ ತೆಗೆದು ಹಾಕಿತು. ಇದೆಲ್ಲ ಹಿಡಿಸದವರು ಹೊಸ ನೆಟ್‌ವರ್ಕ್ ಕಟ್ಟಿಕೊಂಡರು. ಟಿಜಿಐಎಫ್‌ನಲ್ಲಿ ಕೇಳಿದವರು ಸ್ವಂತ ಟಾಕ್‌ಗ್ರೂಪ್ ಪಡೆಯಬಹುದು, ಫ್ರೀಡಿಎಂಆರ್ ಬೇರೆ ಇದೆ. ಈಗ ಒಂದೇ ನಂಬರ್ ಒಂದು ನೆಟ್‌ವರ್ಕ್‌ನಲ್ಲಿ ಒಂದು ಗುಂಪು, ಇನ್ನೊಂದರಲ್ಲಿ ಇನ್ನೊಂದು.

ರಿಪೀಟರ್ ನಡೆಸುವವರ ಪಾಡು ಹೇಳಲೇಬೇಕು. ಒಂದು ಟಾಕ್‌ಗ್ರೂಪನ್ನು ಸ್ಲಾಟ್ 1ರಿಂದ 2ಕ್ಕೆ ಸರಿಸಿದರು ಅನ್ನಿ. ಅವರಿಗೆ ಅದು ಎರಡು ಕ್ಲಿಕ್. ಆದರೆ ಊರಿನ ಪ್ರತಿ ರೇಡಿಯೊದಲ್ಲಿ ಕೋಡ್‌ಪ್ಲಗ್ ಅನ್ನುವ ಫೈಲ್ ಇರುತ್ತದೆ, ಯಾವ ಚಾನೆಲ್, ಯಾವ ಕಲರ್ ಕೋಡ್, ಯಾವ ಸ್ಲಾಟ್ ಅಂತ ಅದರಲ್ಲಿ ಬರೆದಿರುತ್ತದೆ. ಅಷ್ಟೂ ಈಗ ತಪ್ಪು. ಕೇಬಲ್ ಹುಡುಕಿ, ಹಳೇ ಲ್ಯಾಪ್‌ಟಾಪ್ ಎಬ್ಬಿಸಿ, ಡ್ರೈವರ್ ಹಾಕಿ, ಮತ್ತೆ ಬರೆಯಬೇಕು. ಬದಲಾಯಿಸಿದವರಿಗೆ ಆ ವಾರ ಫೋನ್ ಎತ್ತೋಕೂ ಭಯ.

ನಾನು 91 ತೆಗೆದುಬಿಟ್ಟೆ. ಈಗ 404 ಒಂದೇ ಸ್ಟ್ಯಾಟಿಕ್. ಬೇಕೆನಿಸಿದಾಗ 91ಕ್ಕೆ ಹೋಗಿ ಬಟನ್ ಒತ್ತುತ್ತೇನೆ, ನನ್ನ ಕಡೆಯಿಂದ ಮಾತು ನಿಂತು ಸುಮಾರು 15 ನಿಮಿಷಕ್ಕೆ ಅದು ತಾನೇ ಬಿಟ್ಟು ಹೋಗುತ್ತದೆ. ಮೊನ್ನೆ ಒಬ್ಬರ ಕಥೆ ಚೆನ್ನಾಗಿ ಬರುತ್ತಿತ್ತು, ನಡುವೆ ಬಾಯಿ ಹಾಕದೆ ಕೇಳುತ್ತಾ ಕೂತಿದ್ದೆ. ಹದಿನೈದು ನಿಮಿಷ ಆಗಿದ್ದು ಗೊತ್ತೇ ಆಗಲಿಲ್ಲ, ಕಥೆ ಅರ್ಧಕ್ಕೇ ಕಟ್ಟಾಯಿತು.