ಆಳದ ಗೀರನ್ನು ಉಜ್ಜಬೇಡಿ

ಗೀರು ಬಿದ್ದ ಮಾರನೇ ದಿನವೇ ಗಾಡಿ ತರುವವರಿಂದ ನಮಗೆ ತೊಂದರೆಯಿಲ್ಲ. ಮನೆಯಲ್ಲಿ ವಾರಗಟ್ಟಲೆ ಉಜ್ಜಿ ಆಮೇಲೆ ತರುತ್ತಾರಲ್ಲ, ಅವರ ಗಾಡಿ ನೋಡಿದರೆ ಸಂಕಟವಾಗುತ್ತದೆ. ಮೊದಲು ಟೂತ್‌ಪೇಸ್ಟ್ ಹಚ್ಚಿರುತ್ತಾರೆ. ಅದಕ್ಕೆ ಹೋಗಲಿಲ್ಲ ಅಂತ ಪೇಂಟ್ ಅಂಗಡಿಯಿಂದ ರಬ್ಬಿಂಗ್ ಕಾಂಪೌಂಡ್ ತಂದಿರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಡ್ರಿಲ್ ಮಿಷನ್ನಿಗೆ ಫೋಮ್ ಪ್ಯಾಡ್ ಸಿಕ್ಕಿಸಿ ತಿರುಗಿಸಿರುತ್ತಾರೆ. ಗ್ಯಾರೇಜಿಗೆ ಬಂದು, "ಅರ್ಧ ಹೋಗಿದೆ ಅಣ್ಣಾ, ಇನ್ನರ್ಧ ನೀವು ತೆಗೆದುಕೊಡಿ" ಅನ್ನುತ್ತಾರೆ. ಗೀರು ಇದ್ದಷ್ಟೂ ಇದೆ, ಅದರ ಸುತ್ತಲಿನ ಪೇಂಟ್ ಅರ್ಧ ಹೋಗಿದೆ.

ಇದನ್ನು ಬಿಡಿಸಿಯೇ ಹೇಳಬೇಕು. ಕಂಪನಿಯಿಂದ ಬರುವ ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತದೆ. ತಗಡಿಗೆ ಅಂಟಿಕೊಂಡು ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ 100ರಿಂದ 150 ಮೈಕ್ರಾನ್ ಆಸುಪಾಸು. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಜೆರಾಕ್ಸ್ ಅಂಗಡಿಯ ಎ4 ಹಾಳೆಯ ದಪ್ಪವೇ ಸುಮಾರು 100 ಮೈಕ್ರಾನ್ ಇರುತ್ತದೆ, ಒಂದು ಹಾಳೆ ಬೆರಳಲ್ಲಿ ಹಿಡಿದು ನೋಡಿ. ಅಷ್ಟರೊಳಗೆ ಕ್ಲಿಯರ್ ಕೋಟಿನ ಪಾಲು 35ರಿಂದ 50, ಬೇಸ್ ಕೋಟಿನದು ಇನ್ನೂ ಕಡಿಮೆ.

ರಬ್ಬಿಂಗ್ ಕಾಂಪೌಂಡ್ ಅಂದರೆ ನುಣ್ಣನೆಯ ಪುಡಿ ಬೆರೆಸಿದ ಪೇಸ್ಟ್. ಅದು ಯಾವುದನ್ನೂ ತುಂಬುವುದಿಲ್ಲ, ಸವೆಸುತ್ತದೆ ಅಷ್ಟೇ. ಗೀರು ಕ್ಲಿಯರ್ ಕೋಟಿನ ಮೇಲ್ಭಾಗದಲ್ಲಿ ನಾಲ್ಕೈದು ಮೈಕ್ರಾನ್ ಆಳ ಇದ್ದರೆ, ಸುತ್ತಲಿನ ಮೇಲ್ಮೈ ಅಷ್ಟು ಸವೆದು ಗೀರಿನ ತಳಕ್ಕೆ ಇಳಿಯುತ್ತದೆ, ಗೀರು ಮಾಯವಾಗುತ್ತದೆ. ಗೀರು 60 ಮೈಕ್ರಾನ್ ಆಳ ಇದ್ದರೆ? ಸುತ್ತಲೂ 60 ಮೈಕ್ರಾನ್ ಸವೆಸಬೇಕು. ಇರುವ ಕ್ಲಿಯರ್ ಕೋಟೇ 40! ಗೀರು ಹೋಗುವ ಮೊದಲೇ ಕ್ಲಿಯರ್ ಹೋಗುತ್ತದೆ, ಅದರ ಹಿಂದೆಯೇ ಬಣ್ಣವೂ. ಬಿಸಿಲಿನ ಅಲ್ಟ್ರಾವೈಲೆಟ್ ಕಿರಣ ತಡೆಯುವ ಅಂಶ ಇರುವುದೂ ಆ ಕ್ಲಿಯರ್ ಕೋಟಿನಲ್ಲೇ. ಅದು ತೆಳುವಾದ ಜಾಗ ಇವತ್ತು ಚೆನ್ನಾಗಿ ಕಂಡರೂ ಮುಂದೆ ಮಂಕಾಗಿ ಸಿಪ್ಪೆ ಏಳಬಹುದು. ಟೂತ್‌ಪೇಸ್ಟಿನದೂ ಸವೆಸುವ ಕೆಲಸವೇ. ಬಿಳಿ ಕಾರಿನಲ್ಲಿ ಅದು ಗೀರಿನೊಳಗೆ ಕೂತು ಗೀರು ಮುಚ್ಚಿದ ಹಾಗೆ ಕಾಣುತ್ತದೆ. ಒಂದು ಮಳೆಗೆ ತೊಳೆದುಹೋಗುತ್ತದೆ.

ಆಳ ತಿಳಿಯಲು ಯಂತ್ರ ಬೇಡ. ಗಾಡಿ ತೊಳೆದು, ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಕಾಂಪೌಂಡ್ ಡಬ್ಬಿ ಮುಚ್ಚಿಡಿ. ಸಂಶಯವಿದ್ದರೆ ಒಂದು ಹನಿ ನೀರು ಹಾಕಿ: ಒದ್ದೆಯಾದಾಗ ಗೀರು ಕಾಣದಿದ್ದರೆ ಬಹುಪಾಲು ಕ್ಲಿಯರ್ ಕೋಟಿನಲ್ಲೇ ಇದೆ, ಒದ್ದೆಯಾದರೂ ಬೂದು ಅಥವಾ ಬಿಳಿ ಗೆರೆ ಉಳಿದರೆ ಪ್ರೈಮರ್ ಮುಟ್ಟಿದೆ. ಉಜ್ಜುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಕೋಟೇ ಇಲ್ಲದ ಹಳೆಯ ಗಾಡಿಗಳಲ್ಲಿ ಬಣ್ಣ ಹತ್ತುವುದು ಸಹಜ, ಆ ಮಾತು ಬೇರೆ.

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಸಿಲ್ವರ್ ಕಾರು ನನಗೆ ಮರೆತಿಲ್ಲ. ರಜೆಗೆ ಬಂದ ಮೊಮ್ಮಗ ಕಲ್ಲಿನಿಂದ ಬಾನೆಟ್ ಮೇಲೆ ತನ್ನ ಹೆಸರು ಬರೆದಿದ್ದ. "ಅಕ್ಷರ ತಿದ್ದಿಸಿದ್ದು ನಾನೇ, ಬೈಯೋದು ಹೇಗಪ್ಪಾ" ಅಂದರು. ಮಗ ಬಂದು ನೋಡುವುದರೊಳಗೆ ಅಳಿಸಬೇಕೆಂದು ಮಧ್ಯಾಹ್ನವಿಡೀ ಕಾಂಪೌಂಡಿನಲ್ಲಿ ಉಜ್ಜಿದ್ದಾರೆ. ಬಿಸಿಲಿಗೆ ನಿಲ್ಲಿಸಿ ಬಗ್ಗಿ ನೋಡಿದೆ. ಅಂಗೈಯಗಲ ಹೊಳಪು ಸತ್ತು ಮೋಡ ಮೋಡವಾಗಿತ್ತು, ಅದರ ನಡುವೆ ಹುಡುಗನ ಹೆಸರು ದೀರ್ಘ, ಒತ್ತು ಸಮೇತ ಸ್ಪಷ್ಟವಾಗಿ ಓದಬಹುದಿತ್ತು. "ಉಜ್ಜಿದ್ದು ಸಾಲಲಿಲ್ಲವೇನಪ್ಪಾ?" ಅಂತ ಕೇಳಿದರು. ಜಾಸ್ತಿಯಾಗಿದೆ ಮೇಷ್ಟ್ರೇ ಅಂದೆ. ಅಕ್ಷರಗಳಿಗಷ್ಟೇ ಟಚ್‌ಅಪ್ ಮಾಡಿ ಮುಗಿಸಬಹುದಾಗಿದ್ದ ಕೆಲಸಕ್ಕೆ ಇಡೀ ಬಾನೆಟ್ ಹೊಡೆಯಬೇಕಾಯಿತು. ಬಣ್ಣವನ್ನು ನಡುವೆ ಎಲ್ಲಾದರೂ ಬೆರೆಸಿ ನಿಲ್ಲಿಸಬಹುದು, ಕ್ಲಿಯರ್ ಮಾತ್ರ ಪೂರ್ತಿ ಪ್ಯಾನೆಲ್‌ಗೆ ಹೊಡೆಯದಿದ್ದರೆ ಅಂಚು ಕಾಣುತ್ತದೆ.

ಹಾಗಾದರೆ ಆಳದ ಗೀರಿಗೆ ಮನೆಯಲ್ಲಿ ಏನೂ ಮಾಡಬಾರದೇ? ಮಾಡಬಹುದು, ಗೀರು ಸಣ್ಣದಾಗಿದ್ದರೆ. ಅದನ್ನು ತುಂಬಬೇಕು. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಸ್ಟಿಕ್ಕರಿನಲ್ಲಿ ಕಲರ್ ಕೋಡ್ ನೋಡಿ ಅದೇ ಕೋಡಿನ ಟಚ್‌ಅಪ್ ಪೇಂಟ್ ತನ್ನಿ. "ವೈಟ್ ಕೊಡಿ" ಅಂದರೆ ಆಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಗೀರು ಒರೆಸಿ, ವ್ಯಾಕ್ಸ್, ಜಿಡ್ಡು ಏನೂ ಇರಬಾರದು. ತಗಡು ಕಂಡಿದ್ದರೆ ತುಕ್ಕು ಪೂರ್ತಿ ಕೆರೆದು, ಪ್ರೈಮರ್ ಹಚ್ಚದೆ ಮುಂದೆ ಹೋಗಬೇಡಿ. ಆಮೇಲೆ ಸಣ್ಣ ಬ್ರಷ್ಷಿನ ತುದಿಯಲ್ಲಿ, ಬ್ರಷ್ ದಪ್ಪ ಅನ್ನಿಸಿದರೆ ಹಲ್ಲುಕಡ್ಡಿಯಲ್ಲಿ, ಗೀರಿನ ಒಳಕ್ಕೆ ಮಾತ್ರ ಬಣ್ಣ ಇಳಿಸಿ. ಒಂದೇ ಸಲ ತುಂಬಬೇಡಿ. ಪೇಂಟ್ ಒಣಗಿದಂತೆ ಕುಗ್ಗುತ್ತದೆ, ಹಾಗಾಗಿ ತೆಳ್ಳಗೆ ಹಚ್ಚಿ ಒಣಗಲು ಬಿಟ್ಟು ಮತ್ತೆ ಹಚ್ಚಿ. ಕ್ಲಿಯರ್ ಕೂಡ ಹೀಗೆಯೇ, ಸುತ್ತಲಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಎತ್ತರ ನಿಲ್ಲುವವರೆಗೆ. ಒಂದು ವಾರವಾದರೂ ಗಟ್ಟಿಯಾಗಲಿ. ಆಮೇಲೆ 2000, 3000 ನಂಬರಿನ ವಾಟರ್ ಪೇಪರನ್ನು ಸಣ್ಣ ಗಟ್ಟಿ ತುಂಡಿಗೆ ಸುತ್ತಿ, ಸೋಪು ನೀರಿನಲ್ಲಿ, ಎದ್ದ ಪೇಂಟನ್ನಷ್ಟೇ ಸಮ ಮಾಡಿ. ಕಾಂಪೌಂಡಿನ ಸರದಿ ಬರುವುದು ಈಗ, ಎಲ್ಲಕ್ಕೂ ಕೊನೆಗೆ. ಬಾಡಿಯ ಮಡಿಕೆ ಅಂಚುಗಳಲ್ಲಿ ಪೇಂಟ್ ತೆಳ್ಳಗಿರುತ್ತದೆ, ಅಲ್ಲಿ ಪೇಪರ್ ತಾಗಿಸಲೇಬೇಡಿ.

ಇಷ್ಟು ಮಾಡಿದರೂ ಹತ್ತಿರದಿಂದ ನೋಡಿದರೆ ಗುರುತು ಕಾಣುತ್ತದೆ. ಮೆಟಾಲಿಕ್ ಬಣ್ಣದಲ್ಲಂತೂ ಹೆಚ್ಚು: ಬ್ರಷ್ಷಿನಲ್ಲಿ ಹಚ್ಚಿದಾಗ ಅಲ್ಯೂಮಿನಿಯಂ ಕಣಗಳು ಸ್ಪ್ರೇ ಗನ್ನಿನಲ್ಲಿ ಹೊಡೆದಂತೆ ಮಲಗುವುದಿಲ್ಲ, ಆ ಗೆರೆ ಬೇರೆ ಶೇಡ್ ತೋರಿಸುತ್ತದೆ. ಹೊಸ ಗಾಡಿಯ ಹಾಗೆ ಆಗಬೇಕು ಅನ್ನುವವರು ಮನೆಯಲ್ಲಿ ಕೈಹಾಕದಿರುವುದೇ ಒಳ್ಳೆಯದು.

ಮಳೆಗಾಲದಲ್ಲಿ ನಮ್ಮ ಮಲೆನಾಡಿನವರು ಈ ಕೆಲಸಕ್ಕೆ ಆತುರಪಡಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಹಚ್ಚಿದ ಲ್ಯಾಕರ್ ಜಾತಿಯ ಪೇಂಟ್ ಒಣಗುತ್ತಾ ಬೆಳ್ಳಗಾಗಬಹುದು. ಆದರೆ ತಗಡು ಕಾಣುತ್ತಿದ್ದರೆ ಬಿಸಿಲಿಗೆ ಕಾಯಲೂ ಬೇಡಿ. ಹೊಳವಾದ ಹೊತ್ತು ನೋಡಿ ಒಣಗಿಸಿ, ಪ್ರೈಮರ್ ಮಾತ್ರ ಹಚ್ಚಿಡಿ, ಉಳಿದದ್ದು ಮಳೆ ಮುಗಿದ ಮೇಲೆ. ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ ಸ್ಪ್ರೇ ಸಿಗುತ್ತದೆ, ಗಟ್ಟಿಯೂ ಹೌದು. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮನೆಯ ಪೋರ್ಟಿಕೋದಲ್ಲಿ, ಮಕ್ಕಳು ಓಡಾಡುವ ಕಡೆ ಅದನ್ನು ಹೊಡೆಯಬೇಡಿ, ದಯವಿಟ್ಟು.

ಬಂಪರಿನ ಗೀರಿಗೆ ಇಷ್ಟು ಗಾಬರಿ ಬೇಕಿಲ್ಲ. ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ, ಆರು ತಿಂಗಳು ಬಿಟ್ಟರೂ ನಡೆಯುತ್ತದೆ. ಪಾರ್ಕಿಂಗ್ ಸೆನ್ಸರ್ ಮೇಲೆ ಮಾತ್ರ ಪೇಂಟ್ ಮೆತ್ತಬೇಡಿ. ಇನ್ನು ಇನ್ಶೂರೆನ್ಸ್: ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದರೆ ನಮ್ಮದೇ ಗಾಡಿಯ ಹಾನಿಗೆ ಕಟ್ಟುವ ಕಂತಿನಲ್ಲಿ, ಶೇ 20 ರಿಯಾಯಿತಿ ನೋ ಕ್ಲೇಮ್ ಬೋನಸ್ ಆಗಿ ಸಿಗುತ್ತದೆ, ವರ್ಷವರ್ಷ ಏರುತ್ತಾ ಶೇ 50ರವರೆಗೆ ಹೋಗುತ್ತದೆ. ಅದನ್ನು ಕಾಪಾಡುವ ಆ್ಯಡ್-ಆನ್ ಇಲ್ಲದಿದ್ದರೆ ಒಂದು ಕ್ಲೇಮಿಗೆ ಅಷ್ಟೂ ಹೋಗುತ್ತದೆ. ಒಂದು ಬಾಗಿಲಿನ ಪೇಂಟಿಂಗ್‌ಗೆ ಎಷ್ಟಾಗುತ್ತದೆ ಎಂದು ಗ್ಯಾರೇಜಿನಲ್ಲಿ ಕೇಳಿ, ಕಳೆದುಕೊಳ್ಳುವ ಬೋನಸ್ ಎಷ್ಟು ಎಂದು ಏಜೆಂಟರನ್ನು ಕೇಳಿ, ಎರಡನ್ನೂ ಪಕ್ಕಪಕ್ಕ ಬರೆದು ನೋಡಿದ ಮೇಲೆ ಫಾರ್ಮಿಗೆ ಸಹಿ ಹಾಕಿ.